ಬಂಡೆರಾಯನಿಗೆ ಮೂರು ಹೊಸ ಮರ್ಮ

“ಮತ್ತೆ ಸತ್ತೆ!”

ಮೂಕಾಂಬಿಕಾ ಕಂಟ್ರೋಲರನ್ನು ಮೇಜಿನ ಮೇಲೆ ಕುಕ್ಕಿ, ಕನ್ನಡಕವನ್ನು ಹಣೆಗೇರಿಸಿ, ಪರದೆಯನ್ನು ದುರುಗುಟ್ಟಿ ನೋಡಿದಳು. ಅಲ್ಲಿ ಅವಳ ವೀರ ಅಂಗಾತ ಬಿದ್ದಿದ್ದ. ಅವನ ಮೈಮೇಲೆ ಕೊಡೆಯುದ್ದದ ಜಿಗಣೆಗಳು ಮದುವೆಯ ಮೊದಲ ಪಂಕ್ತಿಗೆ ಕೂತವರ ಹಾಗೆ ಸಾಲಾಗಿ ಕೂತಿದ್ದವು.

ಪಕ್ಕದಲ್ಲಿದ್ದ ಅಜಯ್ ನಗು ಮರೆಸಲು ಕೆಮ್ಮಿದ. ‘ಏಳು ಬಾಗಿಲ ಕೋಟೆ’ ಎಂಬ ಈ ಆಟಕ್ಕೆ ಕೋಡ್ ಬರೆದವನು ಅವನು. ಮೂಕಾಂಬಿಕೆಗೆ ಈ ಪತ್ತೇದಾರಿಯ ಕೆಲಸ ಕೊಟ್ಟವನೂ ಅವನೇ.

“ಮೇಡಂ, ನೀವು ಸಾಗರದವರು ತಾನೇ?”

“ಸಾಗರದವಳೇ. ಯಾಕೆ?”

“ಕಾಲಿಗೆ ಜಿಗಣೆ ಹತ್ತಿದ್ರೆ ಮನೇಲಿ ಕತ್ತಿ ತಗೊಂಡು ಬೀಸ್ತೀರಾ?”

“ಕತ್ತಿ ಯಾಕೆ ಮಾರಾಯ, ಒಂಚೂರು ಉಪ್ಪು—” ಎಂದವಳು ಬಾಯಿಗೆ ಕೈ ಅಡ್ಡ ಹಿಡಿದಳು. ವೀರನ ಜೋಳಿಗೆಯಲ್ಲಿ ಆರಂಭದಿಂದಲೂ ಒಂದು ಉಪ್ಪಿನ ಪೊಟ್ಟಣವಿತ್ತು. ಅಡುಗೆಗೆ ಇರಬೇಕೆಂದು ಅವಳು ಅದನ್ನು ಮುಟ್ಟಿಯೇ ಇರಲಿಲ್ಲ.

ಮತ್ತೆ ಆಟ ಶುರುವಾಯಿತು. ಉಪ್ಪು ಎರಚಿದ್ದೇ ತಡ, ಜಿಗಣೆಗಳು ಮುದುಡಿ ಗೋಲಿಗಳಂತೆ ಉರುಳಿದವು. ಮೊದಲ ಬಾಗಿಲು ಕಿರುಗುಟ್ಟಿ ತೆರೆಯಿತು. ಮೂಕಾಂಬಿಕಾ ಕುರ್ಚಿಯಿಂದ ಎದ್ದು ಚಪ್ಪಾಳೆ ತಟ್ಟಿದಳು. ಡಿಗ್ರಿ ಬಗ್ಗೆ ಸುಳ್ಳು ಹೇಳಿದ ವರರನ್ನೂ, ಕಳುವಾದ ಪಂಪ್‌ಸೆಟ್ಟುಗಳನ್ನೂ ಹುಡುಕಿಕೊಟ್ಟ ಇಷ್ಟು ವರ್ಷಗಳಲ್ಲಿ ಇಂಥ ಖುಷಿ ಅವಳಿಗೆ ಆಗಿರಲಿಲ್ಲ.

“ಇದೇ ನಮ್ಮ ಆಟದ ಗುಟ್ಟು,” ಎಂದ ಅಜಯ್. “ಪ್ರತಿ ಬಾಗಿಲಿಗೂ ಒಂದು ರಾಕ್ಷಸ, ಪ್ರತಿ ರಾಕ್ಷಸನಿಗೂ ಒಂದು ಮರ್ಮ. ಬರೀ ತೋಳ್ಬಲ ನಂಬಿದವನು ಸಾಯ್ತಾನೆ. ಮರ್ಮ ಹುಡುಕಿದವನು ಗೆಲ್ತಾನೆ.”

“ಹುಡುಕದೆಯೇ ಗೆದ್ದವನನ್ನ ತೋರಿಸು ನೋಡೋಣ.”

ಅಜಯನ ಮುಖ ಸಣ್ಣದಾಯಿತು. ಹೊಸನಗರದಲ್ಲಿ, ಆಮೇಲೆ ತೀರ್ಥಹಳ್ಳಿಯಲ್ಲಿ ನಡೆದ ಪಂದ್ಯಗಳೆರಡರಲ್ಲೂ ‘ಗುಮ್ಮ’ ಎಂಬ ಹೆಸರಿನವನೊಬ್ಬ ಇಂಟರ್ನೆಟ್ಟಿನ ಮೂಲಕ ನುಗ್ಗಿ, ಏಳನೇ ಬಾಗಿಲಿನ ಬಂಡೆರಾಯನನ್ನು ಚಿಟಿಕೆ ಹೊಡೆಯುವುದರೊಳಗೆ ಕೆಡವಿ ಮಾಯವಾಗಿದ್ದ. ಮೂಕಾಂಬಿಕಾ ಸಾಗರದಿಂದ ಕಾರ್ಗಲ್‌ಗೆ, ಅಜಯನ ಗುಂಪು ಬಾಡಿಗೆಗೆ ಹಿಡಿದಿದ್ದ ಈ ಹಳೆಯ ಕ್ವಾರ್ಟರ್ಸಿಗೆ ಬಂದದ್ದು ಆ ಗುಮ್ಮನಿಗಾಗಿ.

ತೀರ್ಥಹಳ್ಳಿಯ ಆಟದ ರೆಕಾರ್ಡಿಂಗ್ ಪರದೆಯ ಮೇಲೆ ಓಡಿತು. ಗುಡ್ಡದಂಥ ಕಲ್ಲಿನ ಮೈ, ಕೈಯಲ್ಲಿ ರಥದ ಗಾಲಿಯಷ್ಟು ದಪ್ಪದ ಸುತ್ತಿಗೆ. ಬಂಡೆರಾಯ ಸುತ್ತಿಗೆ ಎತ್ತಿದ. ಎದುರಿಗೆ ಗುಮ್ಮನ ವೀರ ಡೇರಿಗೆ ಹಾಲು ಹಾಕಲು ಹೊರಟವನಂತೆ ನಿರಾಳವಾಗಿ ನಡೆದು ಬಂದ. ಮೂರು ಏಟು. ರಾಕ್ಷಸ ಪುಡಿಪುಡಿ.

“ಸುತ್ತಿಗೆ ಎತ್ತುವಾಗ ಅವನು ಉಸಿರು ಎಳ್ಕೊಳ್ತಾನೆ,” ಅಜಯ್ ವಿವರಿಸಿದ. “ಆ ಉಸಿರು ಮುಗಿಯೋ ಹೊತ್ತಿಗೆ ಎದೆಯಲ್ಲಿ ಒಂದು ಬಿರುಕು ತೆರೆದು ಮುಚ್ಚುತ್ತೆ. ಕಣ್ಣು ಮಿಟುಕಿಸೋವಷ್ಟೇ ಹೊತ್ತು. ಅಲ್ಲಿ ಹೊಡೀಬೇಕು. ಬೇರೆ ಆಟಗಾರರು ಅರ್ಧ ಗಂಟೆ ಗುದ್ದಾಡಿದ್ರೂ ಅದು ಅವರ ಕಣ್ಣಿಗೆ ಬಿದ್ದಿಲ್ಲ. ಗೊತ್ತಿದ್ದದ್ದು ನಾವು ನಾಲ್ಕೇ ಜನಕ್ಕೆ.”

ನಾಲ್ವರು ಎಂದರೆ ಕೋಡ್ ಬರೆಯುವ ಅಜಯ್, ರಾಕ್ಷಸರ ಚಿತ್ರ ಬಿಡಿಸುವ ಭಾವನಾ, ಆಟಕ್ಕೆ ಸದ್ದು ಕೊಡುವ ರಾಜೇಂದ್ರ, ಪಂದ್ಯಗಳನ್ನು ಏರ್ಪಡಿಸಿ ಮೈಕ್ ಹಿಡಿಯುವ ಗೌರೀಶ.

“ಗುಮ್ಮ ಎಲ್ಲಿಂದ ಆಡ್ತಾನೆ ಅಂತ ಗೊತ್ತಾಗಲ್ವಾ?”

“ಒಂದು ಸಲ ಬ್ರೆಜಿಲ್ ಅಂತ ತೋರಿಸ್ತು, ಇನ್ನೊಂದು ಸಲ ನಾರ್ವೆ. ಎಲ್ಲಾ ಕಣ್ಕಟ್ಟು. ತೀರ್ಥಹಳ್ಳಿಯ ಪಂದ್ಯಕ್ಕೆ ನಾರ್ವೆಯಿಂದ ಯಾರು ಬರ್ತಾರೆ ಮೇಡಂ?”

“ಭಾನುವಾರ ಸಾಗರದ ಪಂದ್ಯಕ್ಕೂ ಬಂದ್ರೆ?”

“ಆಟ ಟೊಳ್ಳು ಅಂತಾರೆ. ಒಳಗಿಂದ ಹೇಳಿಕೊಟ್ಟು ತಮ್ಮವರನ್ನೇ ಗೆಲ್ಲಿಸ್ತಾರೆ ಅಂತಾರೆ. ಹೈದರಾಬಾದಿನ ಕಂಪನಿಯವರು ಅವತ್ತು ಆಟ ನೋಡೋಕೆ ಬರ್ತಿದ್ದಾರೆ. ಅವರು ಒಪ್ಪಿದ್ರೆ ದೇಶಕ್ಕೆಲ್ಲ ಬಿಡುಗಡೆ. ಒಪ್ಪದಿದ್ರೆ...” ಅವನು ರೆಕಾರ್ಡಿಂಗ್ ನಿಲ್ಲಿಸಿದ. “ನಾವು ನಾಲ್ಕೂ ಜನ ಒಂದೇ ತಟ್ಟೇಲಿ ತಿಂದು ಮಾಡಿದ ಆಟ ಇದು.”

ಮೂಕಾಂಬಿಕಾ ಪರದೆಯ ಮೇಲಿನ ಬಂಡೆರಾಯನ ಪುಡಿಯನ್ನು ನೋಡಿದಳು. ಆಮೇಲೆ ಅವಳ ತುಟಿಯ ಅಂಚಿನಲ್ಲಿ ನಗು ಮೂಡಿತು.

“ಆ ಎದೆಯ ಬಿರುಕು ಮುಚ್ಚಿಬಿಡು ಅಜಯ್.”

“ಅಯ್ಯೋ, ಮರ್ಮ ಇಲ್ಲದ ರಾಕ್ಷಸ ಅಂದ್ರೆ ಮೋಸ ಮೇಡಂ! ಆಡೋರು ಬೈದು ಎದ್ದು ಹೋಗ್ತಾರೆ.”

“ಒಂದರ ಬದಲು ಮೂರು ಮರ್ಮ ಕೊಡು. ಒಂದೊಂದಕ್ಕೂ ಅವನ ಪ್ರಾಣದ ಮೂರನೇ ಒಂದು ಪಾಲು ಹೋಗ್ಲಿ. ಭಾವನಾಗೆ ಒಂದು ಹೇಳ್ತೀನಿ, ರಾಜೇಂದ್ರನಿಗೆ ಇನ್ನೊಂದು, ಗೌರೀಶನಿಗೆ ಮತ್ತೊಂದು. ಹೊಸ ಮರ್ಮ ಇದೊಂದೇ, ಬೇರೆ ಯಾರಿಗೂ ಬಾಯಿ ಬಿಡಬೇಡಿ ಅಂತ ಪ್ರತಿಯೊಬ್ಬರಿಗೂ ಹೇಳ್ತೀನಿ. ಭಾನುವಾರ ಗುಮ್ಮ ಯಾವ ಮರ್ಮ ಹಿಡ್ಕೊಂಡು ಬರ್ತಾನೋ, ಅದು ಯಾರ ಬಾಯಿಂದ ಹೋಯ್ತು ಅಂತ ಗೊತ್ತಾಗುತ್ತೆ.”

ಅಜಯ್ ತಲೆ ತಗ್ಗಿಸಿದ. “ಮೂವರೂ ನನ್ನ ಸ್ನೇಹಿತರು.”

“ಹಾಗಾಗಿಯೇ ಬೇಗ ಗೊತ್ತಾಗೋದು ಒಳ್ಳೇದು. ಇಲ್ದಿದ್ರೆ ಮೂವರನ್ನೂ ಅನುಮಾನದಿಂದ ನೋಡ್ತಾ ಕೂರ್ತೀಯ.”

ಮರ್ಮಗಳನ್ನು ಅವಳೇ ಆರಿಸಿದಳು. ವೀರನ ಜೋಳಿಗೆಯಲ್ಲಿ ಇದ್ದ ಸಾಮಾನುಗಳೇ ಸಾಕಾದವು. ಭಾವನಾಗೆ: ರಾಕ್ಷಸನ ಎಡಗಾಲಿಗೆ ದೊಂದಿ ಹಿಡಿಯಬೇಕು. ರಾಜೇಂದ್ರನಿಗೆ: ಗಂಟೆ ಬಾರಿಸಬೇಕು. ಗೌರೀಶನಿಗೆ: ನೆತ್ತಿಯ ಮೇಲೆ ಮಜ್ಜಿಗೆ ಸುರಿಯಬೇಕು.

“ಮಜ್ಜಿಗೆನಾ?” ಅಜಯ್ ಕಣ್ಣರಳಿಸಿದ. “ಅದು ಸುಸ್ತಾದಾಗ ಕುಡಿಯೋಕೆ ಇಟ್ಟಿದ್ದು.”

“ಕುಡಿಯೋದನ್ನ ಎರಚಬಾರದು ಅಂತ ಎಲ್ಲಿದೆ? ಯಾರ ತಲೆಗೂ ತಾನಾಗಿ ಹೊಳೀಬಾರದು, ಅದು ಮುಖ್ಯ.”

“ಸ್ವಲ್ಪ ಕೆಲಸ ಇದೆ. ಆದ್ರೂ ಮಾಡ್ತೀನಿ,” ಎಂದ ಅಜಯ್.

---

ಹೆಗ್ಗೋಡಿನಲ್ಲಿ ರಾಜೇಂದ್ರನ ಧ್ವನಿಯ ಕೋಣೆ ಹುಡುಕುವುದು ಕಷ್ಟವಾಗಲಿಲ್ಲ. ಒಳಗಿನಿಂದ ಯಾರೋ ಹಲಸಿನಕಾಯಿಗೆ ದೊಣ್ಣೆಯಿಂದ ಬಾರಿಸುತ್ತಿರುವ ಸದ್ದು ಬರುತ್ತಿತ್ತು. ಬಾಗಿಲು ತಳ್ಳಿ ನೋಡಿದರೆ ನಿಜಕ್ಕೂ ಹಲಸಿನಕಾಯಿಗೇ ಬಾರಿಸುತ್ತಿದ್ದ.

“ಆರನೇ ಬಾಗಿಲಿನ ರಾಕ್ಷಸನಿಗೆ ಬೆನ್ನಿಗೆ ಬೀಳೋ ಏಟು,” ಎಂದು ಹೇಳುತ್ತಲೇ ತಿರುಗಿದ ರಾಜೇಂದ್ರ ಮೂಕಾಂಬಿಕೆಯನ್ನು ಕಂಡು ದೊಣ್ಣೆ ಕೆಳಗಿಟ್ಟ. ಗಡ್ಡದ ಮುಖ ಬೆವರಿತು. ನಾಟಕಗಳಿಗೆ ಸಂಗೀತ, ಸದ್ದು ಕೊಟ್ಟು ಊರಲ್ಲಿ ಹೆಸರು ಮಾಡಿದ್ದವನು, ಹೆಡ್‌ಮಾಸ್ತರ ಎದುರು ನಿಂತ ಹುಡುಗನಂತೆ ಅಂಗಿಯ ಗುಂಡಿ ಹಾಕಿಕೊಂಡ.

ಗೋಡೆಗಳಿಗೆಲ್ಲ ಹಳೆಯ ಕೌದಿಗಳನ್ನು ಬಡಿದಿದ್ದರು. ಮೂಕಾಂಬಿಕಾ ಅಲ್ಲಿದ್ದ ಒಂದೇ ಕುರ್ಚಿಯಲ್ಲಿ ಕೂತಳು.

“ನಾನು ಯಾಕೆ ಬಂದೆ ಅಂತ ಗೊತ್ತಲ್ಲ?”

“ಗೊತ್ತು ಮೇಡಂ. ಸಿಗರೇಟು ಬಿಟ್ಟಾಯ್ತು.”

“ಏನು?”

“ಪೂರಾ ಬಿಟ್ಟಿದ್ದೀನಿ. ಬೈಕಿನ ಕಂತೂ ಮುಗೀತು. ಬೇಕಾದ್ರೆ ನಮ್ಮಮ್ಮನ್ನ ಕೇಳಿ.”

ಮೂಕಾಂಬಿಕೆಗೆ ಅರೆಕ್ಷಣ ಏನೂ ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಈ ಕಡೆಯ ಮೂರು ತಾಲ್ಲೂಕುಗಳಲ್ಲಿ ಅವಳು ಯಾರ ಮನೆಯ ಬಾಗಿಲು ತಟ್ಟಿದರೂ ಜನ ಮೊದಲು ಯೋಚಿಸುತ್ತಿದ್ದುದು ಮದುವೆಯ ವಿಚಾರಣೆ ಎಂದೇ.

“ನಿನ್ನ ಮದುವೆಗೂ ನನಗೂ ಸಂಬಂಧ ಇಲ್ಲ ರಾಜೇಂದ್ರ. ನಾನು ಗುಮ್ಮನ್ನ ಹುಡುಕ್ತಾ ಬಂದಿದ್ದೀನಿ.”

ಅವನು ಉಸ್ಸೆಂದು ಹಲಸಿನಕಾಯಿಯ ಪಕ್ಕದಲ್ಲೇ ಕುಸಿದು ಕೂತ. ಆ ನಿರಾಳ ಹೆಚ್ಚು ಹೊತ್ತು ಉಳಿಯಲಿಲ್ಲ.

“ತೀರ್ಥಹಳ್ಳಿಯಲ್ಲಿ ಬಂಡೆರಾಯನ ಸುತ್ತು ಶುರುವಾದಾಗ ನೀನು ಸಭಾಂಗಣದಿಂದ ಎದ್ದು ಹೋದೆ. ಗುಮ್ಮ ಗೆದ್ದ ಮೇಲೆ ವಾಪಸ್ ಬಂದೆ. ಬಾಗಿಲಲ್ಲಿ ಟಿಕೆಟ್ ಹರಿಯೋರು ನೋಡಿದ್ದಾರೆ.”

ರಾಜೇಂದ್ರ ದೊಣ್ಣೆಯನ್ನು ಹಲಸಿನಕಾಯಿಯ ಹಿಂದಕ್ಕೆ ಸರಿಸಿದ.

“ಬಂಡೆರಾಯನ ಉಸಿರು ನಿನ್ನದೇ ಕೈಕೆಲಸ. ಅದು ಎಲ್ಲಿ ಶುರುವಾಗುತ್ತೆ, ಎಲ್ಲಿ ಮುಗಿಯುತ್ತೆ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?”

“ಅದು ನಮ್ಮ ಸೋದರಮಾವನ ಗೊರಕೆ,” ಎಂದ ಅವನು ಗಡುಸಾಗಿ. “ಅದನ್ನ ಹಿಡಿಯೋಕೆ ಮೂರು ರಾತ್ರಿ ಮಂಚದ ಕೆಳಗೆ ಮಲಗಿದ್ದೀನಿ. ನನ್ನ ಆಟವನ್ನ ನಾನೇ ಹಾಳು ಮಾಡ್ತೀನಾ ಮೇಡಂ?”

“ಹಾಗಾದ್ರೆ ಎಲ್ಲಿಗೆ ಹೋಗಿದ್ದೆ?”

“ಹೇಳೋಕಾಗಲ್ಲ.”

“ಹೇಳದಿದ್ರೆ ಅಜಯ್‌ಗೆ ನಾನು ನಿನ್ನ ಹೆಸರು ಹೇಳ್ಬೇಕಾಗುತ್ತೆ.”

“ಹೇಳಿ!” ಅವನು ಎದ್ದು ನಿಂತ. “ಹೇಳಿಬಿಡಿ. ಅವನು ನಂಬಿದ್ರೆ ಅಷ್ಟಕ್ಕೇ ಮುಗೀತು. ಸ್ನೇಹಿತನ ಮೇಲೆ ನಂಬಿಕೆ ಇಲ್ಲದವನ ಜೊತೆ ನಾನು ಯಾಕಿರ್ಲಿ?”

ಮೂಕಾಂಬಿಕಾ ಅಲ್ಲಾಡಲಿಲ್ಲ. ಕಳ್ಳರ ಸಿಟ್ಟನ್ನು ಅವಳು ಬೇಕಾದಷ್ಟು ಕಂಡಿದ್ದಳು. ಆ ಸಿಟ್ಟು ಬಾಗಿಲಿನ ಕಡೆ ನೋಡುತ್ತಿರುತ್ತದೆ. ಇವನ ಕಣ್ಣುಗಳು ಅವಳ ಮುಖ ಬಿಟ್ಟು ಕದಲಿರಲಿಲ್ಲ, ತುಂಬಿಕೊಂಡೂ ಇದ್ದವು.

“ಆ ಹುಡುಗಿಯ ಹೆಸರೇನು?” ಎಂದಳು ಮೆತ್ತಗೆ.

ರಾಜೇಂದ್ರ ಮತ್ತೆ ಕೂತ. “ಪ್ರತಿಮಾ. ತೀರ್ಥಹಳ್ಳಿಯವಳೇ. ಅವಳಪ್ಪನಿಗೆ ಇನ್ನೂ ಗೊತ್ತಿಲ್ಲ. ನೀವು ಬಂದಿದ್ದು ನೋಡಿ, ಅವರಪ್ಪನಿಗೆ ಗೊತ್ತಾಗಿ ವಿಚಾರಿಸೋಕೆ ಕಳಿಸಿದ್ರು ಅನ್ಕೊಂಡೆ.”

“ಫೋನ್ ಹಚ್ಚು. ಸ್ಪೀಕರ್ ಹಾಕು.”

ಆ ಕಡೆಯಿಂದ ಪ್ರತಿಮಾ ಮೊದಲು ಹೆದರಿದಳು, ಆಮೇಲೆ ವಿಷಯ ಕೇಳಿ ಜೋರಾಗಿ ನಕ್ಕಳು.

“ಐಸ್‌ಕ್ರೀಮ್ ಕೊಡಿಸ್ತೀನಿ ಅಂತ ಕರೆದ್ರು ಮೇಡಂ. ಕೂತಷ್ಟು ಹೊತ್ತೂ ಬಂಡೆರಾಯನ ಉಸಿರು ಹೇಗೆ ಬಂದಿದೆ ಅನ್ನೋದೇ ಮಾತು. ನನ್ನ ಐಸ್‌ಕ್ರೀಮ್ ಕರಗಿ ಹೋಯ್ತು. ಇವ್ರು ಗುಮ್ಮ ಆಗೋಕೆ ಸಾಧ್ಯನೇ ಇಲ್ಲ. ತಮ್ಮ ಆಟದಲ್ಲಿ ಎರಡನೇ ಬಾಗಿಲು ದಾಟಿದ್ದೇ ನಾನು ಕಂಡಿಲ್ಲ!”

ರಾಜೇಂದ್ರ ಫೋನನ್ನು ಅವಸರದಿಂದ ಕಟ್ ಮಾಡಿದ. ಮೂಕಾಂಬಿಕಾ ಹೊಟ್ಟೆ ಹಿಡಿದು ನಕ್ಕಳು. ನಗು ನಿಂತ ಮೇಲೆ ತನ್ನ ಮೊಬೈಲಿನಲ್ಲಿದ್ದ ರೆಕಾರ್ಡಿಂಗನ್ನು ಅವನೆದುರು ಹಿಡಿದಳು.

“ಕಣ್ಣಲ್ಲಿ ನಾನು ನೋಡಿದ್ದೀನಿ. ಕಿವಿಯಲ್ಲಿ ನೀನು ನೋಡು.”

ರಾಜೇಂದ್ರ ಹೆಡ್‌ಫೋನ್ ಹಾಕಿ ಕಣ್ಣು ಮುಚ್ಚಿ ಕೇಳಿದ. ಮತ್ತೊಮ್ಮೆ ಕೇಳಿದ. ಹಲಸಿನಕಾಯಿಯ ಮೇಲೆ ಬೆರಳಿನಿಂದ ತಾಳ ಹಾಕುತ್ತಾ ಮೂರನೇ ಸಲ ಕೇಳಿದಾಗ ಅವನ ಹುಬ್ಬು ಗಂಟಿಕ್ಕಿತು.

“ಇವನು ಕೇಳಿ ಹೊಡೀತಿಲ್ಲ ಮೇಡಂ.”

“ಅಂದ್ರೆ?”

“ಉಸಿರು ಕೇಳಿಸಿದ ಮೇಲೆ ಕತ್ತಿ ಎತ್ಬೇಕು. ಇವನು ಉಸಿರು ಶುರುವಾಗೋ ಮೊದ್ಲೇ ಎತ್ತಿದ್ದಾನೆ. ಬಿರುಕು ಕಂಡು ಹೊಡೆದಿದ್ದೂ ಅಲ್ಲ, ಅದು ಇನ್ನೂ ತೆರೆದೇ ಇಲ್ಲ. ಯಾವ ಹೊತ್ತಿಗೆ ಏನಾಗುತ್ತೆ ಅಂತ ಇವನಿಗೆ ಮೊದ್ಲೇ ಗೊತ್ತು. ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ.”

“ಅಷ್ಟು ಕರಾರುವಾಕ್ಕಾಗಿ ಬಾಯ್ಮಾತಲ್ಲಿ ಹೇಳಿಕೊಡೋಕಾಗುತ್ತಾ?”

“ನನಗೇ ಆಗಲ್ಲ. ಆಟದ ಒಳಗಿನ ಬರಹ ಓದಿದವನಿಗೆ ಮಾತ್ರ ಆಗುತ್ತೆ. ನಮಗೆಲ್ಲ ಅದನ್ನ ತೆರೆಯೋಕೆ ಬಿಡ್ತಾನೆ ಅಜಯ್, ಆದ್ರೆ ತೆರೆದು ನೋಡಿದ್ರೆ ನನಗಂತೂ ಒಂದಕ್ಷರ ಅರ್ಥ ಆಗಲ್ಲ.”

ಈ ಮಾತು ಮೂಕಾಂಬಿಕೆಯ ಮನಸ್ಸಿನಲ್ಲಿ ಕೂತಿತು. ಆದರೂ ಹೊರಡುವ ಮೊದಲು ಅವಳು ಬಂದ ಕೆಲಸ ಮುಗಿಸಿದಳು. “ಹಳೆಯ ಮರ್ಮ ತೆಗೆದಿದ್ದೀವಿ. ಭಾನುವಾರ ಬಂಡೆರಾಯ ಹೆದರೋದು ಗಂಟೆಗೆ. ನಿನಗೊಬ್ಬನಿಗೇ ಹೇಳ್ತಿರೋದು. ಪ್ರತಿಮಾಗೂ ಬೇಡ.”

“ಅವಳಿಗೆ ಈ ವಿಷಯ ಎತ್ತಿದ್ರೆ ಮದುವೆಯೇ ಬೇಡ ಅಂತಾಳೆ,” ಎಂದ ರಾಜೇಂದ್ರ.

---

ಭಾವನಾ ಸಿಕ್ಕಿದ್ದು ಇಕ್ಕೇರಿಯ ದೇವಸ್ಥಾನದ ಹೊರಗೆ. ಕಂಬದ ಮೇಲಿನ ಕಲ್ಲಿನ ಪ್ರಾಣಿಯೊಂದನ್ನು ನೋಡಿ ನೋಡಿ ಬಿಡಿಸುತ್ತಾ, ಪೆನ್ಸಿಲ್ಲನ್ನು ಜಡೆಗೆ ಸಿಕ್ಕಿಸಿಕೊಂಡು ನಿಂತಿದ್ದಳು. ದೊಂದಿಯ ವಿಷಯ ಕೇಳಿದ್ದೇ ತಡ, ಅವಳ ಮುಖ ಕೆಂಪಾಯಿತು.

“ಎಡಗಾಲಾ? ಬಂಡೆರಾಯನ ಮೈಯಲ್ಲಿ ಚೆನ್ನಾಗಿ ಬಂದಿರೋದೇ ಅದೊಂದು ಕಾಲು! ಅದಕ್ಕೇ ಬೆಂಕಿ ಇಡ್ತೀರಾ? ಬಲಗಾಲು ತಗೊಳ್ಳಿ ಮೇಡಂ, ದಮ್ಮಯ್ಯ.”

“ಕಾಲು ಬದಲಾಯಿಸೋಕಾಗಲ್ಲ. ನೀನು ಕೋಡ್ ಓದ್ತೀಯಾ?”

“ನನಗೆ ನನ್ನ ಲೈಟ್ ಬಿಲ್ಲೇ ಓದೋಕೆ ಬರಲ್ಲ.” ಅವಳು ಮತ್ತೆ ಚಿತ್ರದ ಕಡೆ ತಿರುಗಿ, “ಎಡಗಾಲಂತೆ!” ಎಂದು ಕಂಬದ ಪ್ರಾಣಿಗೆ ದೂರು ಹೇಳಿದಳು.

ಗೌರೀಶ ಸಿಕ್ಕಿದ್ದು ಹೊಸನಗರದಲ್ಲಿ, ತನ್ನ ಶಾಮಿಯಾನ ಮತ್ತು ಧ್ವನಿವರ್ಧಕದ ಅಂಗಡಿಯಲ್ಲಿ. ಭಾನುವಾರಕ್ಕೆ ಬೇಕಾದ ಮೈಕುಗಳನ್ನು ಒಂದೊಂದಾಗಿ ಊದಿ ನೋಡುತ್ತಿದ್ದ. ಮಜ್ಜಿಗೆ ಎಂದ ಕೂಡಲೆ ಅವನ ನಗು ಮೈಕಿನಲ್ಲಿ ಹಾದು ಇಡೀ ಬೀದಿಗೆ ಕೇಳಿಸಿತು.

“ಮಜ್ಜಿಗೆನಾ ಮಾರಾಯ್ರೆ! ಉಪ್ಪು, ಶುಂಠಿ ಹಾಕಿದ್ದಾ, ಹಾಕದೇ ಇದ್ದಿದ್ದಾ?”

“ಮೈಕ್ ಆಫ್ ಮಾಡು ಮೊದಲು!”

ಅವನು ನಾಲಗೆ ಕಚ್ಚಿಕೊಂಡು ಆಫ್ ಮಾಡಿದ. ಪುಣ್ಯಕ್ಕೆ ಬೀದಿಯವರಿಗೆ ಕೇಳಿಸಿದ್ದು ಮಜ್ಜಿಗೆಯ ಮಾತಷ್ಟೇ. ಬಂಡೆರಾಯನ ಹೆಸರು ಇನ್ನೂ ಯಾರ ಬಾಯಿಂದಲೂ ಬಂದಿರಲಿಲ್ಲ. ಪಕ್ಕದ ಹೋಟೆಲಿನವರು ಎರಡು ಲೋಟ ಮಜ್ಜಿಗೆ ಕಳಿಸಿಕೊಟ್ಟರು.

“ಕಂಪ್ಯೂಟರ್ ವಿಷಯದಲ್ಲಿ ನೀನು ಹೇಗೆ ಗೌರೀಶ?”

“ನಂಗೆ ಕಂಪ್ಯೂಟರೂ ಮೈಕೂ ಒಂದೇ ಅಕ್ಕಾ. ಆನ್ ಮಾಡ್ತೀನಿ, ಆಫ್ ಮಾಡ್ತೀನಿ. ನಡುವೆ ಆಗೋದೆಲ್ಲ ಅಜಯ್‌ನ ಕಾರುಬಾರು.”

ಸಾಗರಕ್ಕೆ ಮರಳುವ ಬಸ್ಸಿನಲ್ಲಿ ಮೂಕಾಂಬಿಕಾ ಅಜಯ್‌ಗೆ ಫೋನ್ ಮಾಡಿದಳು. ಮೂವರಿಗೂ ಹೇಳಿಯಾಯಿತೆಂದಳು.

“ಮೂರೂ ಆಟದೊಳಗೆ ಸೇರಿಸಿದ್ಯಾ?”

“ಆಯ್ತು ಮೇಡಂ, ಆಯ್ತು,” ಎಂದ ಅಜಯ್. ಹಿಂದೆ ಕೀಬೋರ್ಡಿನ ಪಟಪಟ ಕೇಳುತ್ತಿತ್ತು.

---

ಭಾನುವಾರ ಬೆಳಿಗ್ಗೆ, ಗುಮ್ಮನ ಸುದ್ದಿ ಹಬ್ಬಿ, ಸಾಗರದ ಸಭಾಂಗಣದಲ್ಲಿ ಕಾಲಿಡಲು ಜಾಗವಿರಲಿಲ್ಲ. ಶಾಲೆಯ ಮಕ್ಕಳು, ಅವರನ್ನು ಕರೆತಂದ ಅಜ್ಜಂದಿರು, ಕಾಲೇಜಿನ ಹುಡುಗಿಯರು, ಆಟವೆಂದರೆ ಕಬಡ್ಡಿಯೆಂದು ತಿಳಿದು ಬಂದ ಇಬ್ಬರು. ಹೈದರಾಬಾದಿನಿಂದ ಬಂದ ಕಂಪನಿಯ ಮಹಿಳೆ ಎರಡನೇ ಸಾಲಿನಲ್ಲಿ ಕೂತು ಮಸಾಲೆ ಮಂಡಕ್ಕಿ ತಿನ್ನುತ್ತಿದ್ದರು.

ಮೂಕಾಂಬಿಕಾ ಹಾಲಿನ ನಡುವೆ, ಕಂಬದ ಪಕ್ಕ ನಿಂತಳು. ಅಲ್ಲಿಂದ ಅವಳಿಗೆ ಬೇಕಾದ ಮೂವರೂ ಕಾಣುತ್ತಿದ್ದರು. ವೇದಿಕೆಯ ಮೇಲೆ ಮೈಕ್ ಹಿಡಿದ ಗೌರೀಶ. ಬಲಗಡೆ ಸೌಂಡಿನ ಮೇಜಿನ ಹಿಂದೆ ರಾಜೇಂದ್ರ. ಮುಂದಿನ ಸಾಲಿನಲ್ಲಿ ಭಾವನಾ. ಅಜಯ್ ಹಿಂಬದಿಯ ಗೋಡೆಗೆ ತಾಗಿಸಿದ ಮೇಜಿನಲ್ಲಿ, ಆಟ ನಡೆಸುವ ಕಂಪ್ಯೂಟರಿನ ಮುಂದೆ ಕೂತಿದ್ದ.

“ಗೆದ್ದವರಿಗೆ ಬಹುಮಾನ ಎಂತದು ಗೊತ್ತಾ?” ಗೌರೀಶ ಕೂಗಿದ. “ಕೋಟೆಗೆ ಎಂಟನೇ ಬಾಗಿಲು ಕಟ್ತೇವೆ! ಅಲ್ಲಿ ನಿಲ್ಲೋ ರಾಕ್ಷಸನ ಹೆಸರು ನಿಮ್ಮದು, ಅವನ ಮರ್ಮವೂ ನಿಮ್ಮದು. ಹೋದೆರಡು ಊರಲ್ಲಿ ಗೆದ್ದವರು ಬಹುಮಾನ ಬಿಟ್ಟು ಓಡಿಹೋದ್ರು. ನೀವು ಹಾಗೆ ಮಾಡ್ಬೇಡಿ!”

ಒಬ್ಬರಾದ ಮೇಲೊಬ್ಬರು ವೇದಿಕೆ ಹತ್ತಿದರು. ಜಿಗಣೆಗೆ ಉಪ್ಪು ಹಾಕುವುದು ಸಾಗರದ ಮಕ್ಕಳಿಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಬಂಡೆರಾಯನ ಸುತ್ತಿಗೆಯಡಿ ಎಲ್ಲರೂ ಚಟ್ನಿಯಾದರು. ಒಬ್ಬ ಹುಡುಗಿ ಗಂಟೆ ತೆಗೆದು ಕೈಯಲ್ಲಿ ಹಿಡಿದಳು. ಮೂಕಾಂಬಿಕಾ ಉಸಿರು ಬಿಗಿಹಿಡಿದಳು. ಹುಡುಗಿ ಮನಸ್ಸು ಬದಲಿಸಿ ಗಂಟೆಯನ್ನು ಒಳಗಿಟ್ಟಳು, ಸತ್ತಳು. ಜನ ಅಯ್ಯೋ ಎಂದು ಕೂಗಿ ಚಪ್ಪಾಳೆ ಹೊಡೆದರು.

ಆಗ ಪರದೆಯ ಮೂಲೆಯಲ್ಲಿ ಹೆಸರೊಂದು ಮೂಡಿತು. ಗುಮ್ಮ.

ಸಭಾಂಗಣದಲ್ಲಿ ಗುಸುಗುಸು ಹಬ್ಬಿತು. ಎರಡನೇ ಸಾಲಿನ ಮಹಿಳೆ ಮಂಡಕ್ಕಿಯ ಪೊಟ್ಟಣ ಮಡಿಚಿಟ್ಟರು.

ಗುಮ್ಮನ ವೀರ ಅದೇ ನಿರಾಳದ ನಡಿಗೆಯಲ್ಲಿ ಬಂದ. ಬಂಡೆರಾಯ ಸುತ್ತಿಗೆ ಎತ್ತಿದ. ವೀರನ ಕೈ ಜೋಳಿಗೆಗೆ ಹೋಯಿತು. ಹೊರಬಂದದ್ದು ದೊಂದಿ.

ಎಡಗಾಲು ಧಗ್ಗನೆ ಉರಿಯಿತು. ರಾಕ್ಷಸ ಮೊಣಕಾಲೂರಿದ.

ಭಾವನಾ! ಮೂಕಾಂಬಿಕೆಯ ನೋಟ ಮುಂದಿನ ಸಾಲಿಗೆ ಹಾರಿತು. ಭಾವನಾ ಎರಡೂ ಕೈಯಿಂದ ಕೆನ್ನೆ ಒತ್ತಿಕೊಂಡು, “ನನ್ನ ಕಾಲು!” ಎಂದು ಒರಲುತ್ತಿದ್ದಳು. ಹಾಗಾದರೆ ಅವಳು ಯಾರಿಗೋ ಹೇಳಿದ್ದಾಳೆ—

ಟಣ್. ಟಣ್. ಟಣ್.

ಗಂಟೆಯ ಸದ್ದು. ಬಂಡೆರಾಯ ಕಿವಿ ಮುಚ್ಚಿಕೊಂಡು ತೂರಾಡಿದ. ಸೌಂಡಿನ ಮೇಜಿನ ಹಿಂದೆ ರಾಜೇಂದ್ರ ಹೆಡ್‌ಫೋನ್ ಕಿತ್ತು ಎದ್ದು ನಿಂತು, ಮೂಕಾಂಬಿಕೆಯ ಕಡೆ ನೋಡಿ, ನಾನಲ್ಲ ಎನ್ನುವಂತೆ ಎರಡೂ ಕೈ ಮೇಲೆತ್ತಿದ.

ಅಷ್ಟರಲ್ಲಿ ವೀರ ಮಜ್ಜಿಗೆಯ ಚೊಂಬು ತೆಗೆದ. ಎರಡು ಹೆಜ್ಜೆ ಓಡಿ, ಸುತ್ತಿಗೆಯ ಹಿಡಿಯ ಮೇಲೆ ಕಾಲಿಟ್ಟು, ಮೇಲಕ್ಕೆ ಚಿಮ್ಮಿ, ರಾಕ್ಷಸನ ನೆತ್ತಿಯ ಮೇಲೆ ಚೊಂಬನ್ನು ಬೋರಲು ಹಾಕಿದ. ಬಿಳಿಯ ಧಾರೆ ಕಲ್ಲಿನ ಮುಖದ ಮೇಲೆಲ್ಲ ಹರಿಯಿತು. ಬಂಡೆರಾಯ ಒಂದು ಸೀನು ಸೀನಿ, ಮುಗ್ಗರಿಸಿ, ಪುಡಿಯಾದ.

ಮಕ್ಕಳು ಬೆಂಚಿನ ಮೇಲೆ ಹತ್ತಿ ಕುಣಿದರು. ಅಂಥ ಚಂದದ ಸಾವನ್ನು ಅವರು ಕಂಡಿರಲಿಲ್ಲ. ಎರಡನೇ ಸಾಲಿನ ಮಹಿಳೆಯೂ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ವೇದಿಕೆಯ ಮೇಲೆ ಗೌರೀಶನ ಮೈಕ್ ಮಾತ್ರ ಮೊದಲ ಬಾರಿಗೆ ಮೌನವಾಗಿತ್ತು. ಅವನು ಬಾಯಿ ತೆರೆದುಕೊಂಡು ಪರದೆ ನೋಡುತ್ತಿದ್ದ.

ಮೂರೂ ಮರ್ಮ! ಕಾರ್ಗಲ್ಲಿನಲ್ಲಿದ್ದ ಅಜಯನ ಕಂಪ್ಯೂಟರ್ ಬಿಟ್ಟರೆ ಮೂರೂ ಒಟ್ಟಿಗೆ ಎಲ್ಲೂ ಇರಲಿಲ್ಲ. ಒಬ್ಬರಿಗೊಬ್ಬರು ಹೇಳಿಕೊಂಡರೆ? ಆದರೆ ಹೇಳಿದವರ ಮುಖ ಹೀಗಿರುವುದಿಲ್ಲ. ರಾಜೇಂದ್ರ ಅಂದದ್ದು ನೆನಪಾಯಿತು. ಆಟದ ಒಳಗಿನ ಬರಹ ಓದಿದವನಿಗೆ ಮಾತ್ರ ಆಗುತ್ತೆ. ಮೂಕಾಂಬಿಕಾ ಜನರ ನಡುವೆ ದಾರಿ ಮಾಡಿಕೊಂಡು ಹಿಂಬದಿಯ ಮೇಜಿಗೆ ಓಡಿದಳು.

“ಅಜಯ್! ಯಾರೋ ಒಳಗೆ ನುಗ್ಗಿ ನೀನು ಬರೆದಿದ್ದನ್ನ ಓದಿದ್ದಾರೆ.”

ಅಜಯನ ಮುಖ ಬಿಳಿಚಿಕೊಂಡಿತ್ತು.

“ಓದಿದ್ದಲ್ಲ ಮೇಡಂ. ಮಜ್ಜಿಗೆ ನಾನು ಹಾಕ್ಲೇ ಇಲ್ಲ.”

“ಏನಂದೆ?”

“ಎರಚೋದು, ಆ ಜಿಗಿತ, ಸೀನು, ಯಾವುದನ್ನೂ ನಾನು ಮಾಡಿಲ್ಲ. ದೊಂದಿ, ಗಂಟೆ ಎರಡೇ ಹಾಕಿದ್ದು. ಮಜ್ಜಿಗೆಗೆ ಪುರುಸೊತ್ತಾಗ್ಲಿಲ್ಲ. ನೀವು ಬೈತೀರಿ ಅಂತ ಫೋನಲ್ಲಿ ಆಯ್ತು ಅಂದ್ಬಿಟ್ಟೆ.”

ಅಜಯನನ್ನು ಬಿಟ್ಟರೆ ಮಜ್ಜಿಗೆಯ ಮಾತು ಆಡಿದ್ದು ಗೌರೀಶನೊಬ್ಬನ ಜೊತೆ. ಆನ್ ಆಫ್ ಬಿಟ್ಟು ಬೇರೇನೂ ಗೊತ್ತಿಲ್ಲ ಎಂದವನು, ಮುನ್ನೂರು ಜನರ ಎದುರಿಗೆ ಮೈಕ್ ಹಿಡಿದು ನಿಂತಿದ್ದಾನೆ. ಅವನು ಗುಮ್ಮನಲ್ಲ. ಆದರೆ ಯಾರೋ ಒಬ್ಬರು ಅಜಯ್ ಬಿಟ್ಟ ಕೆಲಸವನ್ನು ಮುಗಿಸಿದ್ದಾರೆ, ಅದೂ ಅವನಿಗಿಂತ ಚೆನ್ನಾಗಿ.

“ಓಹೋ! ಈ ಸಲ ಗೆದ್ದವರು ಓಡಿಹೋಗ್ಲಿಲ್ಲ!” ಗೌರೀಶನಿಗೆ ಕೊನೆಗೂ ದನಿ ಬಂದಿತ್ತು. “ಬಹುಮಾನ ತಗೊಳ್ತಿದ್ದಾರೆ, ನೋಡಿ ನೋಡಿ!”

ಮೂಕಾಂಬಿಕಾ ತಿರುಗಿದಳು. ಪರದೆಯ ಮೇಲೆ ಎಂಟನೇ ಬಾಗಿಲು ಕಾಣಿಸಿತು. ಅದರ ಕೆಳಗೆ ಎರಡು ಸಾಲು. ರಾಕ್ಷಸನ ಹೆಸರು. ರಾಕ್ಷಸನ ಮರ್ಮ.

ಹೆಸರಿನ ಮುಂದೆ ಅಕ್ಷರಗಳು ಒಂದೊಂದಾಗಿ ಬಿದ್ದವು. ಮೂ. ಕಾಂ. ಬಿ. ಕಾ.

ಪತ್ತೇದಾರಿಣಿಯನ್ನು ಬಲ್ಲ ಸಾಗರದ ಜನ ಗೊಳ್ಳೆಂದು ನಕ್ಕು ಅವಳತ್ತ ತಿರುಗಿದರು. ಅವಳಿಗೂ ನಗು ಬಂತು. ಎರಡನೇ ಸಾಲಿನಲ್ಲಿ ಅಕ್ಷರಗಳು ಮೂಡತೊಡಗುವವರೆಗೆ ಅದು ಉಳಿಯಿತು.

ಮರ್ಮ: ಕೆಲಸ ಕೊಟ್ಟವರನ್ನು ನಂಬುವುದು.

ಜನ ಮತ್ತೂ ಜೋರಾಗಿ ನಕ್ಕರು. ಮೂಕಾಂಬಿಕಾ ನಗಲಿಲ್ಲ. ಆಟ ನಡೆದಷ್ಟು ಹೊತ್ತೂ ಅವಳು ಮೂವರ ಮೇಲೆ ಕಣ್ಣಿಟ್ಟಿದ್ದಳು. ಕೆಲಸ ಕೊಟ್ಟ ನಾಲ್ಕನೆಯವನಿಗೆ ಬೆನ್ನು ಹಾಕಿದ್ದಳು.

ಅವಳು ನಿಧಾನವಾಗಿ ಹಿಂದಿರುಗಿ ನೋಡಿದಳು. ಅಜಯ್ ಪರದೆಯನ್ನೇ ನೋಡುತ್ತಿದ್ದ. ಅವನ ಎರಡೂ ಕೈಗಳು ಮೇಜಿನ ಕೆಳಗಿದ್ದವು, ಕಂಟ್ರೋಲರಿನ ತಂತಿಯೊಂದು ಅಲ್ಲಿಗೇ ಇಳಿದಿತ್ತು.